ನಾಲ್ಕು ಕ್ಯಾಮೆರಾ, ಒಂದು ಗಡಿಯಾರ

ಟಕ್. ಅಷ್ಟೇ ಸಪ್ಪಳ. ಪಕ್ಕದ ಕೋಣೆಯಲ್ಲಿ ಯಾರೋ ಒಂದೇ ಒಂದು ಶೇಂಗಾ ಒಡೆದ ಹಾಗೆ. ದಿನಾ ದೀಪ ಹಚ್ಚುವ ಹೊತ್ತಿಗೆ ನಮ್ಮ ಪಡಸಾಲೆಯ ಮೇಲಿನ ಕ್ಯಾಮೆರಾದಿಂದ ಅದು ಕೇಳುತ್ತಿತ್ತು. ಮೊದಮೊದಲು ಹಲ್ಲಿ ಎಂದುಕೊಂಡಿದ್ದೆ. ಆಮೇಲೆ ಅಂಗಡಿಯವರು ಹೇಳಿದರು: ಬೆಳಕು ಕಡಿಮೆಯಾದಾಗ ಒಳಗಿನ ಸಣ್ಣ ಗಾಜೊಂದು ಪಕ್ಕಕ್ಕೆ ಸರಿಯುತ್ತದೆ, ಆಗ ಬಣ್ಣದ ಚಿತ್ರ ಕಪ್ಪು-ಬಿಳುಪಾಗುತ್ತದೆ, ಆ ಸರಿಯುವ ಸಪ್ಪಳ ಅದು ಎಂದು. ಆ ವರ್ಷದ ನನ್ನ ದಿಗಿಲೆಲ್ಲ ಆ ಒಂದು ಸಪ್ಪಳದಲ್ಲಿ ಉಳಿದುಕೊಂಡಿದೆ.

ನಾನು ರಿಟೈರಾದ ಟೀಚರ್. ಯಾದಗಿರಿಯ ನನ್ನ ಮನೆಯಲ್ಲಿ ಆಗ ಊಟ-ವಸತಿಗೆಂದು ಆರು ಜನ ಹುಡುಗಿಯರಿದ್ದರು. ಎಲ್ಲರೂ ನರ್ಸಿಂಗ್ ಓದುವವರು. ಜನ ಅದನ್ನು ಪಿಜಿ ಎನ್ನುತ್ತಾರೆ. ನನಗೆ ಆ ಶಬ್ದ ಸೇರುವುದಿಲ್ಲ. ನಾನು ಕಲಿತದ್ದು ಕಲಬುರಗಿಯ ಕಾನ್ವೆಂಟ್ ಬೋರ್ಡಿಂಗ್‌ನಲ್ಲಿ. ಅಲ್ಲಿನ ಸಿಸ್ಟರ್‌ಗಳು ನಮ್ಮನ್ನು 'ಮೈ ಚಾರ್ಜಸ್' ಎನ್ನುತ್ತಿದ್ದರು, ನನ್ನ ಹೊಣೆಯ ಮಕ್ಕಳು ಎಂಬ ಅರ್ಥದಲ್ಲಿ. ಮಂದಿಯ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡವಳಿಗೆ ಆ ಹೊಣೆ ಉಂಡ ತುತ್ತಿನಲ್ಲೂ ಇರುತ್ತದೆ.

ಆ ಚಳಿಗಾಲದಲ್ಲಿ ಹಿತ್ತಲ ಹಗ್ಗದ ಮೇಲೆ ಒಣಹಾಕಿದ ಬಟ್ಟೆಗಳು ಎರಡು ಸಲ ಕಾಣೆಯಾದವು. ಮೂರನೆಯ ಸಲ ಕಾಂಪೌಂಡಿನ ಸುಣ್ಣದ ಮೇಲೆ ಚಪ್ಪಲಿಯ ಗುರುತು ಕಂಡಿತು. ಹುಡುಗಿಯರನ್ನು ಇಟ್ಟುಕೊಂಡ ಮನೆಗಳಲ್ಲಿ ಕ್ಯಾಮೆರಾ ಇರಲಿ, ರೆಕಾರ್ಡಿಂಗೂ ಇರಲಿ ಎಂದು ಕಾಲೇಜಿನವರು ಕೇಳಿಕೊಂಡಿದ್ದರು. ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದುಕೊಂಡು ಸ್ಟೇಷನ್ ರೋಡಿನ ಅಂಗಡಿಗೆ ಹೋದೆ.

ಅಂಗಡಿಯವರು ಐವತ್ತು ದಾಟಿದವರು. ಹಿಂದೆ ರೇಡಿಯೊ ರಿಪೇರಿ ಮಾಡುತ್ತಿದ್ದವರು, ಈಗ ಕ್ಯಾಮೆರಾ ಮಾರುತ್ತಾರೆ, ತಾವೇ ಬಂದು ಕೂಡಿಸುತ್ತಾರೆ. ಕ್ಯಾಮೆರಾ ಆರಿಸುವುದು ಬೇಗ ಮುಗಿಯಿತು: ಗೇಟಿಗೊಂದು, ಪಡಸಾಲೆಗೊಂದು, ಹಿತ್ತಲಿಗೊಂದು, ಮೆಟ್ಟಿಲಿಗೊಂದು. ಕಷ್ಟ ಬಂದದ್ದು ಡಿವಿಆರ್ ಆರಿಸುವಲ್ಲಿ. ನಾಲ್ಕೂ ಕ್ಯಾಮೆರಾ ನೋಡಿದ್ದನ್ನು ಒಳಗೆ ತುಂಬಿಟ್ಟುಕೊಳ್ಳುವ ಡಬ್ಬಿ ಅದು.

"ಎಂಟು ಚಾನೆಲಿಂದ ತಗೋರಿ ಮೇಡಮ್. ನಾಳಿ ಇನ್ನೊಂದೆರಡು ಕ್ಯಾಮೆರಾ ಹಚ್ಚಬೇಕಂದ್ರ ಜಾಗ ಇರ್ತದ. ನಾಕಿಂದು ತಗೊಂಡ್ರ ನಾಕಕ್ಕs ಮುಗೀತು."

"ನನ್ನ ಮನೆಗೆ ನಾಲ್ಕೇ ಮೂಲೆ. ಎಂಟು ಕಣ್ಣು ಯಾಕ್ರಿ?"

"ಆಯ್ತ್ರಿ, ನಾಕು. ಡಿಸ್ಕ್ ಯಾವುದು?"

ಅವರ ಒಂದು ಕೈಯಲ್ಲಿ ಕ್ಯಾಮೆರಾಕ್ಕೆಂದೇ ಮಾಡಿದ ಹಾರ್ಡ್ ಡಿಸ್ಕ್ ಇತ್ತು, ಒಂದು ಟಿಬಿಯದು. ಹಗಲೂ ರಾತ್ರಿ ಬರೆಯುತ್ತಲೇ ಇದ್ದರೂ ದಣಿಯುವುದಿಲ್ಲ, ಮೂರು ವಾರದ ತನಕ ಇಟ್ಟುಕೊಳ್ಳುತ್ತದೆ ಎಂದರು. ಇನ್ನೊಂದು ಕೈಯಲ್ಲಿ ಕಂಪ್ಯೂಟರಿನ ಸಾದಾ ಡಿಸ್ಕ್, ಅರ್ಧ ಟಿಬಿ. ಎಂಟು, ಹೆಚ್ಚೆಂದರೆ ಹತ್ತು ದಿನ. ಆಮೇಲೆ ಹಳೆಯದನ್ನು ಅಳಿಸಿ ಅದರ ಮೇಲೇ ಹೊಸದನ್ನು ಬರೆಯುತ್ತದೆ.

ಮನೆಯಲ್ಲಿ ಏನಾದರೂ ಆದರೆ ಎಂಟು ದಿನದಲ್ಲಿ ನನಗೆ ಗೊತ್ತಾಗದೇ ಇರುತ್ತದೆಯೇ? ಹಾಗೆ ಲೆಕ್ಕ ಹಾಕಿ ಸಣ್ಣದನ್ನೇ ಒಪ್ಪಿದೆ. ನೋಟ್‌ಬುಕ್ ನೋಡಿ ಒಂದೊಂದೇ ಪ್ರಶ್ನೆ ಕೇಳಿದೆ. ಕರೆಂಟ್ ಹೋದರೆ ಇನ್ವರ್ಟರ್ ಮೇಲೆ ನಡೆಯುತ್ತದೆಯೇ? ಹಿತ್ತಲ ಗೋಡೆಯ ಹತ್ತಿರ ನಿಂತವನ ಮುಖ ಗುರುತು ಸಿಗುತ್ತದೆಯೇ? ಗುಡುಗಿದಾಗ ಪ್ಲಗ್ ಕಿತ್ತರೆ ಕೆಡುತ್ತದೆಯೇ? ಇಪ್ಪತ್ತಕ್ಕೂ ಹೆಚ್ಚು ಪ್ರಶ್ನೆಗಳು, ಎಲ್ಲಕ್ಕೂ ಟಿಕ್ ಹಾಕಿಕೊಂಡೆ. ಗಡಿಯಾರದ ಬಗ್ಗೆ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಕೂಡಿಸಿದ ದಿನ ತಮ್ಮ ಕೈಗಡಿಯಾರ ನೋಡಿ ಡಬ್ಬಿಯ ಟೈಮ್ ಸೆಟ್ ಮಾಡಿದರು, ನಾನು ಅವರಿಗೆ ಚಹಾ ಕೊಟ್ಟೆ.

ಹೊಸ ಡಬ್ಬಿಯ ಮೇಲೆ ಧೂಳು ಬೀಳಬಾರದೆಂದು ನಾನೇ ಹೆಣೆದ ಕ್ರೋಶಾ ಕವರ್ ಹಾಕಿದೆ. ಸಿಸ್ಟರ್‌ಗಳು ಕಲಿಸಿದ ಹೆಣಿಗೆ. ನನ್ನ ಮನೆಯಲ್ಲಿ ಟಿವಿಗೆ, ಫ್ರಿಜ್ಜಿಗೆ, ಮಿಕ್ಸಿಗೆ ಎಲ್ಲಕ್ಕೂ ಅದುಂಟು.

ನಮ್ಮ ಅಡಿಗೆಯಾಕೆಗೆ ಈ ಡಬ್ಬಿಯನ್ನು ಕಂಡರಾಗದು. ಅದಕ್ಕೆ ಕಾರಣವೂ ಇತ್ತು. ಅಲ್ಲಿಯವರೆಗೆ ಮನೆಯ ಲೆಕ್ಕ ಅವಳದ್ದೇ. ಹುಡುಗಿಯರು ಬಂದ ಹಾಗೆ ಚಪ್ಪಲಿಯನ್ನು ಮೆಟ್ಟಿಲ ಮೇಲೆ ಸಾಲಾಗಿ ಬಿಡಬೇಕು. ಕೊನೆಯ ರೊಟ್ಟಿ ಹಂಚಿನಿಂದ ಇಳಿಯುವುದರೊಳಗೆ ಆರು ಜೋಡಿಯೂ ಇರಬೇಕು. ಕೈ ತೊಳೆದು ಹೊರಗೆ ಬಂದು ಎಣಿಸಿ ಅವಳು ಗೇಟಿನ ಚಿಲಕ ಹಾಕುತ್ತಿದ್ದಳು. ಡಿವಿಆರ್ ಬಂದ ಮೇಲೆ ನಾನು ಸ್ಕೆಚ್ ಪೆನ್ನಿನಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ: ಗೇಟ್ 8:30ಕ್ಕೆ ಬಂದ್.

"ರೊಟ್ಟಿ ಲೆಕ್ಕ ಹೋತೇನ್ರಿ ಹಂಗಾರ?" ಎಂದಳು.

"ಇನ್ನು ಮೇಲೆ ಟೈಮ್ ಪ್ರಕಾರ."

"ನನಗ ಗಂಟಿ ತಿಳಿಯಂಗಿಲ್ಲ ಅಮ್ಮಾರ, ರೊಟ್ಟಿ ತಿಳೀತದ," ಎಂದು ಒಳಗೆ ಹೋದಳು.

ಎರಡು ತಿಂಗಳು ಏನೂ ಆಗಲಿಲ್ಲ. ಬಟ್ಟೆ ಕದಿಯುವವನೂ ಬರಲಿಲ್ಲ. ಹೋಳಿ ಹತ್ತಿರ ಬಂದಾಗ ನನ್ನ ಎಡಗಣ್ಣಿನ ಪೊರೆ ತೆಗೆಸಲು ಕಲಬುರಗಿಗೆ ಹೋಗಬೇಕಾಯಿತು. ಮೂರು ದಿನ ತಂಗಿಯ ಮನೆಯಲ್ಲಿ ಇರಬೇಕು. ಆರು ಹುಡುಗಿಯರನ್ನು ಬಿಟ್ಟು ಹೋಗುವ ಯೋಚನೆಗೇ ನಿದ್ದೆ ಕೆಟ್ಟಿತು. ಅಂಗಡಿಯವರನ್ನು ಕರೆಸಿ, ಇದನ್ನು ನನ್ನ ಮೊಬೈಲಿನಲ್ಲಿ ಕಾಣುವ ಹಾಗೆ ಮಾಡಿರಿ ಎಂದೆ. ಅವರು ವೈಫೈ ಡಬ್ಬಿಯಿಂದ ಡಿವಿಆರ್‌ಗೆ ಒಂದು ವೈರ್ ಎಳೆದರು, ನನ್ನ ಫೋನಿನಲ್ಲಿ ಏನೋ ಇಳಿಸಿದರು.

"ಆತ್ರಿ ಮೇಡಮ್. ಇನ್ನ ನೀವು ಎಲ್ಲಿದ್ರೂ ಮನಿ ನಿಮ್ಮ ಕೈಯಾಗs ಅದ. ಬಿಲ್ಕುಲ್ ಫಿಕರ್ ಮಾಡಬ್ಯಾಡ್ರಿ."

ಫಿಕರ್ ಹೋಗಲಿಲ್ಲ, ಇಮ್ಮಡಿಯಾಯಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಇನ್ನೊಂದು ಕಣ್ಣಿಗೆ ಫೋನನ್ನು ಮೂಗಿನ ತನಕ ತಂದು ನೋಡುತ್ತಿದ್ದೆ. ತಂಗಿ ಬೈದಳು: "ಅಕ್ಕ, ಡಾಕ್ಟರ್ ಏನಂದಾರ, ನೀ ಏನ್ ಮಾಡಾಕತ್ತಿ!" ಎರಡನೆಯ ದಿನ ಮುಂಜಾನೆ ಹಿಂದಿನ ದಿನದ ಪ್ಲೇಬ್ಯಾಕ್ ತೆಗೆದೆ. ಗೇಟಿನ ಕ್ಯಾಮೆರಾ. ಕಪ್ಪು-ಬಿಳುಪು ಚಿತ್ರ. ಒಂದು ಆಟೋ ಬಂದು ನಿಂತಿತು. ನಮ್ಮ ಹುಡುಗಿಯೊಬ್ಬಳು ಇಳಿದು ಗೇಟು ತೆರೆದು ಒಳಗೆ ಬಂದಳು. ಮೂಲೆಯಲ್ಲಿ 22:17. ರೈಲಿನ ಲೆಕ್ಕ ಅದು. ಅಂದರೆ ರಾತ್ರಿ ಹತ್ತು ಹದಿನೇಳು.

ಮೂರು ಸಲ ನೋಡಿದೆ.

ಅವಳು ಭೀಮಾ ದಂಡೆಯ ಊರಿನವಳು. ಅಪ್ಪ ಮೀನು ಹಿಡಿಯುವವರು. ಕೊನೆಯ ವರ್ಷ. ಎಲುಬುಗಳ ಹೆಸರನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತ ಅಡಿಗೆಯಾಕೆಗೆ ಪಾತ್ರೆ ಒರೆಸಿಕೊಡುತ್ತಿದ್ದಳು. ಮನೆತನದಲ್ಲೇ ಮೊದಲು ಹೈಸ್ಕೂಲು ದಾಟಿದವಳು. ನನ್ನಲ್ಲಿ ಬಿಟ್ಟುಹೋಗುವಾಗ ಅಪ್ಪ ಹೇಳಿದ್ದ ಮಾತು ನನಗೆ ನೆನಪಿತ್ತು: "ಬಾಯಾರ, ಮಂದಿ ಬ್ಯಾಡಂದ್ರೂ ಕಳಸಾಕತ್ತೇನಿ. ನಿಮ್ಮ ಬಾಯಿಂದ ಒಂದ್ ಮಾತ್ ಬಂದ್ರ ಸಾಕು, ಅವತ್ತs ಕರ್ಕೊಂಡ್ ಹೋಗ್ತೀನಿ."

ಅದು ಬೆದರಿಕೆಯಾಗಿರಲಿಲ್ಲ. ಆ ಹುಡುಗಿ ಓದುತ್ತಿದ್ದದ್ದು ಆ ಕರಾರಿನ ಮೇಲೆ.

ಬೇರೆ ಹುಡುಗಿಯರು ಬಂದದ್ದನ್ನೂ ಒಮ್ಮೆ ನೋಡಿದ್ದರೆ ಆ ಡಬ್ಬಿಯಲ್ಲಿ ಸಂಜೆ ಏಳೂವರೆಗೆ ಇಳಿಬಿಸಿಲು ಕಾಣುತ್ತಿತ್ತು. ನೋಡಲಿಲ್ಲ. ಅನುಮಾನದ ಕಣ್ಣು ಕತ್ತಲೆಯಾದ ಮೇಲಿನದನ್ನಷ್ಟೇ ಹುಡುಕಿತು.

ವಾರ್ಡಿಗೆ ಫೋನ್ ಮಾಡಿ ಕೇಳಿದೆ. ಡ್ಯೂಟಿ ಏಳೂಕಾಲಿಗೆ ಮುಗಿಯಿತು ಎಂದರು. ಹಾಗಾದರೆ ಮೂರು ತಾಸು ಎಲ್ಲಿದ್ದಳು? ವಿಚಾರಿಸಿದ್ದೇ ತಪ್ಪಾಯಿತು ಎನ್ನುವ ಹಾಗೆ ಆ ಮೂರು ತಾಸು ನನ್ನ ತಲೆಯಲ್ಲಿ ಬೆಳೆಯತೊಡಗಿತು.

ಮನೆಗೆ ಬಂದವಳೇ ಅವಳನ್ನು ಕರೆದು ಕೂರಿಸಿಕೊಂಡೆ.

"ಮೊನ್ನೆ ಎಷ್ಟು ಗಂಟೆಗೆ ಬಂದಿ?"

"ಎಂಟಾಗಿರಲಿಲ್ರಿ ಟೀಚರ್."

"ಯೋಚನೆ ಮಾಡಿ ಹೇಳು."

"ಎಂಟಾಗಿರಲಿಲ್ರಿ. ಆಟೋ ಸಿಗಲಾರ್ದಕ್ಕ ಜರಾ ತಡ ಆತು."

ಅಡಿಗೆಯಾಕೆ ಬಾಗಿಲಲ್ಲಿ ನಿಂತಿದ್ದಳು. "ಖರೇನs ಹೇಳಾಕತ್ತಾಳ್ರಿ. ನಾ ಹಿಟ್ಟು ನಾದಾಕತ್ತಿದ್ದೆ, ಹಂಚು ಸೈತ ಇಟ್ಟಿದ್ದಿಲ್ಲ."

"ನೀನು ಸುಮ್ಮನಿರು," ಎಂದೆ. "ಕ್ಯಾಮೆರಾ ಹತ್ತು ಹದಿನೇಳು ಅನ್ನುತ್ತದೆ. ಕ್ಯಾಮೆರಾಕ್ಕೆ ನಿಮ್ಮ ಮೇಲೆ ಏನು ಸಿಟ್ಟು?"

ಹುಡುಗಿ ನನ್ನ ಮುಖ ನೋಡುತ್ತಲೇ ಇದ್ದಳು. ಕಣ್ಣು ತಗ್ಗಿಸಿದ್ದರೆ ಬಿಟ್ಟುಬಿಡುತ್ತಿದ್ದೆನೇನೋ. ನಮ್ಮ ಬೋರ್ಡಿಂಗ್‌ನಲ್ಲಿ ತಡವಾಗಿ ಬಂದರೆ ಬೈಗುಳ, ಸುಳ್ಳು ಹೇಳಿದರೆ ಮೇರಿಯಮ್ಮನ ಮುಂದೆ ಮೊಣಕಾಲೂರಬೇಕು. ಲೇಟ್‌ನೆಸ್ ಈಸ್ ಎ ಫಾಲ್ಟ್, ಲೈಯಿಂಗ್ ಈಸ್ ಎ ಸಿನ್. ಅರವತ್ತು ವರ್ಷ ಹೊತ್ತುಕೊಂಡು ತಿರುಗಿದ ಮಾತು ಅಂದು ಕೆಲಸಕ್ಕೆ ಬಂತು. ಅವಳ ಅಪ್ಪನಿಗೆ ಫೋನ್ ಹಚ್ಚಿದೆ.

ಮರುದಿನದ ಮೊದಲ ಬಸ್ಸಿಗೇ ಅವರು ಬಂದರು. ಚಹಾ ಮುಟ್ಟಲಿಲ್ಲ. ಮಗಳ ಬ್ಯಾಗನ್ನು ತಾವೇ ಹೆಗಲಿಗೆ ಹಾಕಿಕೊಂಡರು. ಗೇಟಿನ ಹತ್ತಿರ ಅವಳು ಒಮ್ಮೆ ತಿರುಗಿ, "ನಾ ಸುಳ್ಳು ಹೇಳಿಲ್ರಿ ಟೀಚರ್," ಎಂದಳು. ಅಳಲಿಲ್ಲ.

ಎರಡು ದಿನ ಬಿಟ್ಟು ಕಾಲೇಜಿನ ಟ್ಯೂಟರ್ ಫೋನ್ ಮಾಡಿದರು. ಅವಳ ವಾರ್ಡ್ ಡ್ಯೂಟಿಯ ದಿನಗಳು ಇನ್ನೂ ಬಾಕಿ ಇವೆ, ಸೋಮವಾರದೊಳಗೆ ಬರದಿದ್ದರೆ ಅವು ತುಂಬುವುದಿಲ್ಲ, ತುಂಬದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. "ಅವರಪ್ಪನ ಫೋನ್ ಬಂದ್ ಅದ. ನೀವೇ ಹೇಳ್ರಿ." ಕೂತಲ್ಲಿ ಕೂರಲಾಗದೆ ಮನೆಯೊಳಗೆ ತಿರುಗಿದೆ. ಮೆಟ್ಟಿಲ ಮೇಲೆ ಐದು ಜೋಡಿ ಚಪ್ಪಲಿ. ಅಡಿಗೆಯಾಕೆ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು.

ಶುಕ್ರವಾರ ಸಂಜೆ ಡಿವಿಆರ್ ಕೂಗತೊಡಗಿತು. ಟೀಂ, ಟೀಂ, ಟೀಂ. ಬಿಡುವೇ ಇಲ್ಲ. ಅಂಗಡಿಯವರು ಶಹಾಪುರದಲ್ಲಿ ಯಾವುದೋ ಕೆಲಸದ ಮೇಲಿದ್ದರು. "ಟಿವಿ ಹಚ್ಚಿ, ಮೌಸ್ ಹಿಡದು, ಪರದೆ ಮ್ಯಾಲ ಏನ್ ಬರದದ ಓದಿ ಹೇಳ್ರಿ," ಎಂದರು ಫೋನಿನಲ್ಲಿ. ದಿನಾ ಆ ಟಿವಿಯನ್ನು ನಾವು ಹಚ್ಚುತ್ತಲೇ ಇರಲಿಲ್ಲ. ಡಬ್ಬಿ ತನ್ನ ಪಾಡಿಗೆ ಕಪಾಟಿನಲ್ಲಿ ಬರೆದುಕೊಳ್ಳುತ್ತಿತ್ತು. ಹೊಸ ಕಣ್ಣಿಗೆ ಕನ್ನಡಕ ಏರಿಸಿ ಓದಿದೆ: ಹಾರ್ಡ್ ಡಿಸ್ಕ್ ಎರರ್.

ಆಗಲೇ ಪಡಸಾಲೆಯಿಂದ, ಟಕ್.

ನನ್ನ ಕಣ್ಣೆದುರಿಗೇ ಪರದೆಯ ಮೇಲೆ, ಆ ಕ್ಯಾಮೆರಾದ ಚಿತ್ರದಲ್ಲಿ, ಗೇಟಿನ ಕೆಂಪು ಬಣ್ಣ ಹೋಗಿ ಬೂದಿಯಾಯಿತು. ಮೂಲೆಯಲ್ಲಿ 21:14. ರಾತ್ರಿ ಒಂಬತ್ತು ದಾಟಿ ಹದಿನಾಲ್ಕು ನಿಮಿಷ. ನನ್ನ ಬೆನ್ನ ಹಿಂದೆ ಅಡಿಗೆಯಾಕೆ ದೇವರ ಮುಂದೆ ದೀಪ ಹಚ್ಚಿ ಊದಿನಕಡ್ಡಿ ಬೀಸುತ್ತಿದ್ದಳು. ಗೋಡೆಯ ಗಡಿಯಾರ ನೋಡಿದೆ. ಏಳಕ್ಕೆ ಹದಿನಾರು ನಿಮಿಷ ಕಡಿಮೆ.

ಎರಡೂವರೆ ತಾಸು. ಬೆರಳು ಮಡಚಿ ಕಳೆದೆ. ಹತ್ತು ಹದಿನೇಳರಲ್ಲಿ ಎರಡೂವರೆ ಹೋದರೆ ಏಳು ನಲವತ್ತೇಳು. ಹಿಟ್ಟು ನಾದುವ ಹೊತ್ತು.

"ಮೇಡಮ್? ಲೈನ್ ಮ್ಯಾಲ ಅದೀರೇನ್ರಿ?"

"ನಿಮ್ಮ ಡಬ್ಬಿಯ ಗಡಿಯಾರ ಎರಡೂವರೆ ತಾಸು ಮುಂದೆ ಅದ," ಎಂದೆ.

"ಅರೆರೆ... ಟೈಮ್ ಝೋನ್‌ರಿ. ಮಷಿನ್ ಚೈನಾದ್ದು, ಒಳಗ ಅಲ್ಲಿಂದs ಇರ್ತದ. ಅವತ್ತು ಕೈಲೆ ಟೈಮ್ ಇಟ್ಟಾಗ ಬರಾಬರ್ ಇತ್ತು. ಮೊಬೈಲಿಗೆ ಜೋಡಿಸಿದ್ ಮ್ಯಾಲ ನೆಟ್‌ನಿಂದ ತಾನs ಟೈಮ್ ತಗೊಂಡದ, ಅಲ್ಲಿ ಲೆಕ್ಕದಾಗ. ನಾ ನೋಡಬೇಕಿತ್ರಿ. ನೋಡಿಲ್ಲ. ಮುಂಜಾನಿ ಬಂದು ಎರಡ ಮಿನಿಟಿನ್ಯಾಗ ಸರಿ ಮಾಡ್ತೀನಿ. ಡಿಸ್ಕ್ ಫಾರ್ಮ್ಯಾಟ್ ಹೊಡದ್ರ ಈ ಕೂಗಾಟನೂ ನಿಂದ್ರತದ."

ಮೊಬೈಲಿಗೆ ಜೋಡಿಸಿ ಎಂದವಳು ನಾನು.

ಅಡಿಗೆಯಾಕೆಗೆ ಹೇಳಿದೆ. ಅವಳು ಡಬ್ಬಿಯನ್ನೇ ನೋಡುತ್ತ, "ನಮ್ಮ ಮನಿಗೆ ಬಂದು ಎರಡು ತಿಂಗಳಾದ್ರೂ ತವರಮನಿ ಗಂಟಿ ಬಿಟ್ಟಿಲ್ಲ ನೋಡ್ರಿ ಇದು," ಎಂದಳು. ನಗಲಿಲ್ಲ. ನಾನೂ ನಗಲಿಲ್ಲ.

ಆ ರಾತ್ರಿ ಹಾಸಿಗೆಯಲ್ಲಿ ಒಂದು ಮಾತು ಹುಳುವಿನಂತೆ ಕೊರೆಯಿತು. ಅಂಗಡಿಯವರು ಬಂದು ಗಡಿಯಾರ ತಿದ್ದಿ ಡಿಸ್ಕ್ ಅಳಿಸಿಬಿಟ್ಟರೆ ಎಲ್ಲವೂ ಸರಿಯಾಗುತ್ತದೆ. ನಾಳೆಯ ಚಿತ್ರಕ್ಕೆ ನಾಳೆಯ ನಿಜವಾದ ಟೈಮ್ ಬೀಳುತ್ತದೆ. ನಾನು ತಪ್ಪಿದ್ದೆ ಎನ್ನಲು ಒಂದು ಗುರುತೂ ಉಳಿಯುವುದಿಲ್ಲ. ಹುಡುಗಿಯ ಸುಳ್ಳು ಮಾತ್ರ ಉಳಿಯುತ್ತದೆ. ಬಾಯಿಮಾತಿನಲ್ಲಿ 'ಮಷಿನ್ ಕೆಟ್ಟಿತ್ತು' ಎಂದರೆ ಅವಳ ಅಪ್ಪ ನಂಬುವುದೇಕೆ? ಬಾಯಾರಿಗೆ ಕನಿಕರ ಬಂದು ಈಗ ಮುಚ್ಚಿಹಾಕುತ್ತಿದ್ದಾರೆ ಎನ್ನುತ್ತಾರೆ. ಅದು ಇನ್ನೂ ಕೆಟ್ಟದ್ದು.

ಶನಿವಾರ ಎಂಟಕ್ಕೆ ಅಂಗಡಿಯವರು ಬಂದರು. ಮೌಸಿಗೆ ಕೈ ಹಾಕಿದ ಕೂಡಲೇ ತಡೆದೆ.

"ಗಡಿಯಾರ ಮುಟ್ಟಬೇಡಿ. ಏನನ್ನೂ ಅಳಿಸಬೇಡಿ. ಮೊದಲು ನನಗೆ ಎರಡು ತುಂಡು ತೆಗೆದುಕೊಡಿ. ಹುಡುಗಿ ಬಂದದ್ದು ಒಂದು. ಇವತ್ತು ಮುಂಜಾನೆ ಬೆಳಗಾದದ್ದು ಒಂದು."

"ಬೆಳಗಾಗಿದ್ದು ಯಾಕ್ರಿ?"

"ಯಾಕೆಂದರೆ ನಿಮ್ಮ ಡಬ್ಬಿಯಲ್ಲಿ ಸೂರ್ಯ ಒಂಬತ್ತರ ಸುಮಾರಿಗೆ ಹುಟ್ಟಿದ್ದಾನೆ."

ಅವರು ಕುರ್ಚಿ ಎಳೆದುಕೊಂಡು ಕೂತರು. ಡಬ್ಬಿಯ ಮೇಲಿನ ಕವರ್ ಎತ್ತಿದವರು ಕೈ ಹಿಂದಕ್ಕೆ ಎಳೆದುಕೊಂಡರು. "ಇದೇನ್ರಿ ಮೇಡಮ್, ಇದಕ್ಕ ಸ್ವೆಟರ್ ಹಾಕೀರಿ! ಹಂಚಿನಂಗ ಕಾದದ. ಉಸಿರಾಡಾಕ ಬಿಟ್ಟಿಲ್ಲ, ಡಿಸ್ಕ್ ಅದಕ್ಕs ಸಾಯಾಕತ್ತದ." ನನ್ನ ಹೆಣಿಗೆ. ಅದೂ ನನ್ನದೇ.

ಪೆನ್ ಡ್ರೈವ್ ಹಾಕಿ ಮೊದಲ ಸಲ ಕಾಪಿ ಮಾಡಿದಾಗ ಅರ್ಧಕ್ಕೆ ನಿಂತಿತು. ಎರಡನೆಯ ಸಲವೂ ಅಲ್ಲಿಗೇ ನಿಂತಿತು. ಆ ಸಂಜೆಯದು ದಾಖಲಾಗಿ ಎಂಟು ದಿನ ಆಗುತ್ತ ಬಂದಿತ್ತು. ಡಿಸ್ಕ್ ಸಾಯದಿದ್ದರೂ ನಾಳೆ ನಾಡಿದ್ದರಲ್ಲಿ ಅದರ ಮೇಲೆ ಹೊಸದು ಬರೆಯುತ್ತದೆ. ಆ ದೊಡ್ಡ ಡಿಸ್ಕನ್ನು ಅವರು ಕೈಯಲ್ಲಿ ಹಿಡಿದು ತೋರಿಸಿದ್ದು ಕಣ್ಣಿಗೆ ಕಟ್ಟಿತು.

"ತಡೀರಿ," ಎಂದು ಅವರು ನಾಲ್ಕೂ ಕ್ಯಾಮೆರಾದ ರೆಕಾರ್ಡಿಂಗ್ ನಿಲ್ಲಿಸಿದರು, ಡಿಸ್ಕಿಗೆ ಬರೆಯುವ ಭಾರ ತಪ್ಪಲಿ ಎಂದು. ಡಬ್ಬಿಯ ಮುಚ್ಚಳ ಬಿಚ್ಚಿ ಎದುರಿಗೆ ಟೇಬಲ್ ಫ್ಯಾನ್ ಇಟ್ಟರು. ಅರ್ಧ ತಾಸು ನಾವಿಬ್ಬರೂ ಆ ಗಾಳಿಗೆ ಡಬ್ಬಿ ತಣ್ಣಗಾಗಲಿ ಎಂದು ಕಾಯ್ದೆವು. ಜ್ವರ ಬಂದ ಕೂಸಿನ ಪಕ್ಕದಲ್ಲಿ ಕೂತ ಹಾಗೆ. ಆಮೇಲೆ ಇಡೀ ತಾಸಿನದನ್ನು ಒಟ್ಟಿಗೆ ಕಾಪಿ ಮಾಡದೆ, ಎರಡೆರಡು ನಿಮಿಷದ ಚೂರುಗಳಾಗಿ ತೆಗೆಯಲು ನೋಡಿದರು. ಮೊದಲ ಚೂರು ಬಂತು. ಎರಡನೆಯದು ಬರಲಿಲ್ಲ. ಮೂರನೆಯದರಲ್ಲಿ ಆಟೋ ಇತ್ತು, ಹುಡುಗಿ ಇದ್ದಳು, 22:17 ಇತ್ತು. ಅವರು ಹಣೆ ಒರೆಸಿಕೊಂಡರು.

ಮುಂಜಾನೆಯದು ಸಲೀಸಾಗಿ ಬಂತು. ಅಂಗಳದಲ್ಲಿ ಅಡಿಗೆಯಾಕೆ ಕಸ ಹೊಡೆಯುತ್ತಿದ್ದಾಳೆ. ಚಿತ್ರ ಬೂದಿಯಿಂದ ಬಣ್ಣಕ್ಕೆ ತಿರುಗುತ್ತದೆ. ಮೂಲೆಯಲ್ಲಿ 08:48.

ಎರಡನ್ನೂ ನನ್ನ ಫೋನಿಗೆ ಹಾಕಿಕೊಟ್ಟು, "ನಾ ಭೀ ಬರ್ತೀನ್ರಿ, ತಪ್ಪು ನಂದೂ ಅದ," ಎಂದರು. ಬೇಡ ಎಂದೆ. ಫೋನ್ ಹಚ್ಚಿದವಳು ನಾನೊಬ್ಬಳೇ. ಆದರೆ ಅಡಿಗೆಯಾಕೆ ಆಗಲೇ ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಆ ಡಬ್ಬಿ ಸಾಕ್ಷಿ ಹೇಳಿದ್ದು ಸಾಕು. ನಾನೂ ಬರ್ತೀನಿ."

ಬಸ್ಸಿಳಿದು ಜಾಲಿಗಿಡಗಳ ನಡುವೆ ಒಂದು ಮೈಲಿಯಷ್ಟು ನಡೆದೆವು. ಅವಳ ಅಪ್ಪ ಬೇವಿನ ನೆರಳಲ್ಲಿ ಕಾಲ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹರಿದದ್ದನ್ನು ಹೆಣೆಯುತ್ತಿದ್ದರು. ಎದ್ದು ನಿಂತು ಬರ್ರಿ ಎಂದರು, ಕಂಬಳಿ ಹಾಸಿದರು. ಮಗಳು ನೀರು ತಂದಿಟ್ಟು ಬಾಗಿಲ ಪಕ್ಕದಲ್ಲಿ ನಿಂತಳು.

ನಡೆದದ್ದನ್ನು ಹೇಳಿದೆ. ಅವರು ಕೇಳಿಸಿಕೊಂಡರು, ಕೈ ಬಲೆಯ ಮೇಲೇ ಇತ್ತು. ಫೋನ್ ಕೊಟ್ಟೆ. ಮುಂಜಾನೆಯ ಚಿತ್ರವನ್ನು ಒಮ್ಮೆ ನೋಡಿ, ಮತ್ತೊಮ್ಮೆ ತೋರಿಸಿ ಎಂದರು.

"ಇದು ನಸಕೋ, ಸಂಜಿಯೋ?"

"ನಸುಕು. ಇವತ್ತಿನದೇ."

"ಖರೆ. ಬೆಳಕ ಏರಾಕತ್ತದ." ಮಗಳ ಕಡೆಗೆ ಫೋನ್ ಚಾಚಿದರು. "ಗಂಟಿ ಎಷ್ಟು ಬರದದ ಓದು."

ಅವಳು ಹತ್ತಿರ ಬರಲಿಲ್ಲ. ಅಲ್ಲಿಂದಲೇ ಬಗ್ಗಿ ನೋಡಿ, "ಎಂಟು ನಲವತ್ತೆಂಟು," ಎಂದಳು.

"ಇಷ್ಟೊತ್ತಿಗೆ ಬೆಳಕ ಹರದ್ರ ನಾವು ಮೀನ ಹಿಡದ್ಹಂಗs," ಎಂದರು ಅಪ್ಪ. ಆಮೇಲೆ ಎರಡನೆಯ ಚಿತ್ರವನ್ನು ನೋಡಿದರು. ಮಗಳು ಆಟೋದಿಂದ ಇಳಿಯುವುದನ್ನು. ಫೋನನ್ನು ಮೆಲ್ಲಗೆ ಕಂಬಳಿಯ ಮೇಲಿಟ್ಟರು.

"ಬಾಯಾರ, ಇದನ್ನs ನನ್ನ ಮಗಳು ಹೇಳಿದ್ಲು. ಸುಳ್ಳು ಹೇಳ್ತೀ ಅಂತ ಎರಡ್ ಏಟು ಹಾಕೇನಿ. ಯಾಕಂದ್ರ ನೀವು ಓದಿದವರು, ನೀವು ಹೇಳಿದ್ರಿ."

"ಮಷಿನ್ ತಪ್ಪು ತೋರಿಸ್ತು..." ಎಂದು ತೊದಲಿದೆ.

"ಮಷಿನ್ ನನಗ ಫೋನ್ ಹಚ್ಚಿದ್ದಿಲ್ರಿ."

ಅಡಿಗೆಯಾಕೆ ಏನೋ ಹೇಳಲು ಬಾಯಿ ತೆರೆದಳು, ನಾನು ಅವಳ ಕೈ ಹಿಡಿದೆ. ಆ ಮನುಷ್ಯನಿಗೆ ಕೈ ಮುಗಿದೆ. ತಪ್ಪಾಯಿತು ಎಂದೆ. ಸೋಮವಾರದ ಮಾತು ಹೇಳಿದೆ, ಡ್ಯೂಟಿಯ ಮಾತು ಹೇಳಿದೆ, ಈ ವರ್ಷ ತಪ್ಪಿದರೆ ಏನಾಗುತ್ತದೆಂದು ಹೇಳಿದೆ. ಅವರು ಬಲೆಯ ಗಂಟೊಂದನ್ನು ಹಲ್ಲಿನಿಂದ ಬಿಗಿದು, "ಪರೀಕ್ಷಾ ಬರೀಲಿ," ಎಂದರು. "ನಾಳಿ ಕಳಸ್ತೀನಿ. ನಿಮ್ಮ ಮನಿಗೆ ಬ್ಯಾಡ. ದವಾಖಾನಿ ಹಂತೇಕ ಆಕಿ ಗೆಳತಿ ಮನಿ ಅದ, ಅಲ್ಲಿರ್ತಾಳ."

ಹೊರಡುವಾಗ ಬಾಗಿಲ ಪಕ್ಕದಲ್ಲಿ ನೋಡಿದೆ. ಅವಳು ಒಳಗೆ ಹೋಗಿದ್ದಳು. ಅಪ್ಪನಿಗೆ ಹೇಳಿದ 'ತಪ್ಪಾಯಿತು' ಅವಳಿಗೆ ಹೇಳಿದ್ದಾಗಲಿಲ್ಲ. ಅದು ಬಸ್ಸಿನಲ್ಲಿ ಕೂತ ಮೇಲೆ ತಿಳಿಯಿತು.

ಮುಂದಿನ ವಾರ ಎರಡನೆಯ ಸಲ ಡಿವಿಆರ್ ಆರಿಸಲು ಹೋದೆ. ಈ ಸಲ ನೋಟ್‌ಬುಕ್ ಒಯ್ಯಲಿಲ್ಲ. ಕ್ಯಾಮೆರಾಕ್ಕೆಂದೇ ಮಾಡಿದ ದೊಡ್ಡ ಡಿಸ್ಕ್ ಎಂದೆ. ಡಬ್ಬಿಯನ್ನು ಅಂಗಡಿಯಲ್ಲೇ ಹಚ್ಚಿಸಿ, ಮೊದಲು ಗಡಿಯಾರದ ಪುಟ ತೆಗೆಸಿದೆ. ಟೈಮ್ ಝೋನ್ ಎನ್ನುವಲ್ಲಿ ನಮ್ಮ ದೇಶದ ಐದೂವರೆ ಬಂದದ್ದನ್ನು ಓದಿ, ಆಫ್ ಮಾಡಿ ಮತ್ತೆ ಹಚ್ಚಿಸಿ, ಅದು ನೆನಪಿಟ್ಟುಕೊಂಡಿದೆಯೇ ಎಂದು ನೋಡಿದೆ. ಮೊಬೈಲ್ ಬೇಡ ಎಂದೆ. ದೂರ ಹೋದಾಗ ಮನೆ ಕಾಣುವುದಿಲ್ಲ, ಕಾಣದಿರಲಿ. ಅಂಗಡಿಯವರನ್ನು ಬೇಕೆಂದೇ ನಾಲ್ಕು ಗಂಟೆಗೆ ಮನೆಗೆ ಕರೆಸಿ, ದೀಪ ಹಚ್ಚುವ ತನಕ ಕೂರಿಸಿಕೊಂಡೆ. ಚಿತ್ರ ಬೂದಿಯಾದಾಗ ಪರದೆಯನ್ನೂ ಗೋಡೆಯನ್ನೂ ಅವರು ತಾವೇ ನೋಡಿ, "ಬರಾಬರ್ ಅದ್ರಿ," ಎಂದರು. ಬಾಗಿಲ ಮೇಲಿನ ಕಾಗದವನ್ನು ಅಡಿಗೆಯಾಕೆ ಹರಿದು ಒಲೆಗೆ ಹಾಕಿದಳು.

ಹುಡುಗಿ ಪರೀಕ್ಷೆ ಬರೆದಳು, ಪಾಸಾದಳು ಎಂದು ಟ್ಯೂಟರ್ ಹೇಳಿದರು. ಪರೀಕ್ಷೆಯ ದಿನಗಳಲ್ಲಿ ಎರಡು ಸಲ ಆ ಗೆಳತಿಯ ಮನೆಯ ಬೀದಿಯ ತನಕ ಹೋಗಿ, ಓದುವ ಹುಡುಗಿಗೆ ಈಗ ಯಾಕೆ ಎಂದುಕೊಂಡು ಹಿಂದಿರುಗಿದೆ. ಹಾಗೆಂದುಕೊಳ್ಳುವುದು ಸುಲಭವಾಗಿತ್ತು.

ಅವಳನ್ನು ಕೊನೆಯ ಸಲ ನೋಡಿದ್ದು ಸುರಪುರದಲ್ಲಿ, ಮರುವರ್ಷದ ಶ್ರಾವಣದಲ್ಲಿ. ಬಂಧುಗಳ ಮನೆಯ ಕಾರ್ಯಕ್ಕೆ ಹೋದವಳಿಗೆ ತಲೆ ಸುತ್ತು ಬಂದು ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದರು. ಹೆಂಗಸರ ಸಾಲು ಉದ್ದವಿತ್ತು. ಮುಂದಿನ ಮೇಜಿನ ಹತ್ತಿರ ಬಂದಾಗ ತಲೆ ಎತ್ತಿದೆ. ಬಿಳಿ ಕೋಟು, ಕೊರಳಲ್ಲಿ ಐಡಿ ಕಾರ್ಡ್, ಸ್ವಲ್ಪ ದುಂಡಗಾಗಿದ್ದ ಮುಖ.

"ಕೂಡ್ರಿ ಟೀಚರ್," ಎಂದಳು. ಗುರುತು ಹಿಡಿಯಲು ಅವಳಿಗೆ ಹೊತ್ತೇ ಬೇಕಾಗಲಿಲ್ಲ.

ಕೂತೆ. ಅವಳು ನನ್ನ ಕೈ ತೆಗೆದುಕೊಂಡು ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟಳು. ಬೆರಳು ಬೆಚ್ಚಗಿದ್ದವು. ಒಂದೂವರೆ ವರ್ಷದಿಂದ ನಾಲಿಗೆಯ ತುದಿಯಲ್ಲಿದ್ದದ್ದು ಬಂತು. "ನೋಡಮ್ಮಾ, ಆವತ್ತು ನಾನು..."

"ಮಾತಾಡಬ್ಯಾಡ್ರಿ," ಎಂದಳು, ತನ್ನ ಎಡಗೈಯ ವಾಚಿನ ಮೇಲಿಂದ ಕಣ್ಣು ತೆಗೆಯದೆ. "ಎಣಸಾಕತ್ತೇನಿ."

ಪೂರಾ ಒಂದು ನಿಮಿಷ ಎಣಿಸಿದಳು. ತುಟಿ ಸಣ್ಣಗೆ ಅಲುಗುತ್ತಿತ್ತು. ಹಿಂದೆ ಸಾಲಿನಲ್ಲಿ ಒಂದು ಕೂಸು ಅಳುತ್ತಿತ್ತು, ಯಾರೋ ಸರದಿಗಾಗಿ ಜಗಳಾಡುತ್ತಿದ್ದರು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ, ನನ್ನಿಂದ ಅವಳ ಲೆಕ್ಕ ತಪ್ಪಬಾರದು ಎಂದು. ನಿಮಿಷ ಮುಗಿದ ಮೇಲೆ ನನ್ನ ಕೈಯನ್ನು ಮೆಲ್ಲಗೆ ನನ್ನ ಮಡಿಲಲ್ಲಿಟ್ಟು ಚೀಟಿಯ ಮೇಲೆ ಅಂಕಿ ಬರೆದಳು. ಬರೆದದ್ದನ್ನು ಇನ್ನೊಮ್ಮೆ ನೋಡಿ ಚೀಟಿಯನ್ನು ನನ್ನ ಕೈಗಿತ್ತು, "ಡಾಕ್ಟರ್ ಒಳಗ ಅದಾರ, ಸಾವಕಾಶ ಹೋಗ್ರಿ," ಎಂದಳು. ಆಮೇಲೆ ನನ್ನ ಹೆಗಲಾಚೆ ನೋಡಿ ಮುಂದಿನವರನ್ನು ಕರೆದಳು.